‘ಇತರೆ’ ಎಂಬ ಕಾಲಮ್ಮಿನಲ್ಲಿ ಕೂತವರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಮಾತಾಡಿಕೊಂಡು ಬಂದ ಹಾಗಿವೆ. ಬರೆದವರು ಬೇರೆ ಬೇರೆ, ಕೇಳಿದ್ದು ಹೆಚ್ಚುಕಡಿಮೆ ಒಂದೇ. ಗಂಡು, ಹೆಣ್ಣು ಎಂಬ ಎರಡು ಖಾನೆಯಲ್ಲಿ ಕೂರದವರನ್ನು, ತಮ್ಮದೇ ಲಿಂಗದವರನ್ನು ಪ್ರೀತಿಸುವವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ದಾವಣಗೆರೆಯಲ್ಲಿ ಆಪ್ತ ಸಮಾಲೋಚಕಿಯಾಗಿ ಕೂತು ಹದಿನೆಂಟು ವರ್ಷವಾಯಿತು. ಮೊದಮೊದಲು ನಾನೂ ನಿಘಂಟು ತೆಗೆದು ಪದ ಹುಡುಕುತ್ತಿದ್ದೆ. ಈಗ ಎದುರಿಗೆ ಕೂತವರನ್ನೇ ಕೇಳುತ್ತೇನೆ.

ಪ್ರಶ್ನೆ: ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕಿ ನಾನು. ಪ್ರವೇಶ ಅರ್ಜಿಯನ್ನು ಹೊಸದಾಗಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿನ ಅರ್ಜಿಯಲ್ಲಿ ‘ಲಿಂಗ: ಗಂಡು / ಹೆಣ್ಣು / ಇತರೆ’ ಎಂದಿದೆ. ‘ಇತರೆ’ ತೆಗೆದು ‘ತೃತೀಯ ಲಿಂಗಿ’ ಎಂದು ಹಾಕಿದರೆ ಸಾಕೆ? ಎಲ್ಲರನ್ನೂ ಒಳಗೊಳ್ಳಬೇಕೆಂದರೆ ವಿದ್ಯಾರ್ಥಿಗಳ ಲೈಂಗಿಕ ಒಲವನ್ನೂ ಕೇಳಬೇಕು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ.

ಮೇಡಂ, ಕೊನೆಯ ಮಾತಿಗೆ ಮೊದಲು ಉತ್ತರ: ಕೇಳಬೇಡಿ. ಯಾರು ಯಾರನ್ನು ಪ್ರೀತಿಸುತ್ತಾರೆ ಎಂದು ತಿಳಿದುಕೊಂಡು ಕಾಲೇಜು ಮಾಡುವುದೇನಿದೆ? ಪ್ರವೇಶ ಅರ್ಜಿ ಗುಮಾಸ್ತರ ಮೇಜಿನಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಪ್ರಾಂಶುಪಾಲರ ಕೋಣೆಗೆ, ಕೊನೆಗೆ ಅಪ್ಪನ ಸಹಿಗೆ ಮನೆಗೆ ಹೋಗುವ ಕಾಗದ. ಅದರಲ್ಲಿ ಒಂದು ಹುಡುಗಿ ‘ನನಗೆ ಹುಡುಗಿಯರ ಮೇಲೆ ಒಲವು’ ಎಂದು ಬರೆದರೆ ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಾಗ ಲೈಂಗಿಕ ಒಲವನ್ನೂ ಆ ಖಾಸಗಿತನದೊಳಗೇ ಇಟ್ಟಿತು. ಒಳಗೊಳ್ಳಬೇಕು ಎನ್ನುವ ನಿಮ್ಮ ಸಹೋದ್ಯೋಗಿಯ ಮನಸ್ಸು ಒಳ್ಳೆಯದೇ. ಆದರೆ ಕೇಳದೆ ಬಿಡುವುದೂ ಒಳಗೊಳ್ಳುವ ಒಂದು ರೀತಿ.

ಇನ್ನು ‘ಲಿಂಗ’. ಕನ್ನಡದಲ್ಲಿ ಲಿಂಗ, ಲಿಂಗತ್ವ, ಲೈಂಗಿಕ ಎಂಬ ಮೂರು ಪದಗಳು ಒಂದೇ ಬಟ್ಟೆಯಲ್ಲಿ ಹೊಲಿಸಿದ ಅಂಗಿಗಳಂತಿವೆ, ಯಾರದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಲಿಂಗ ಎಂದರೆ ಹುಟ್ಟಿದಾಗ ದೇಹ ನೋಡಿ ಬರೆದದ್ದು. ಲಿಂಗತ್ವ ಎಂದರೆ ಆ ವ್ಯಕ್ತಿ ತನ್ನೊಳಗೆ ತಾನು ಯಾರು ಎಂದು ಕಂಡುಕೊಂಡದ್ದು. ಮೂರನೆಯದು ಮನಸ್ಸು ಯಾರ ಕಡೆ ಒಲಿಯುತ್ತದೆ ಎಂಬುದು. ಅದಕ್ಕೆ ‘ಲೈಂಗಿಕತೆ’ ಎಂದ ತಕ್ಷಣ ನಮ್ಮಲ್ಲಿ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ‘ಒಲವು’ ಎಂದರೆ ಕೂತು ಕೇಳುತ್ತಾರೆ. ನಾನು ಒಲವು ಎಂದೇ ಬಳಸುತ್ತೇನೆ.

ನಮ್ಮ ಸೀಮೆಯಲ್ಲಿ ‘ಲಿಂಗ’ಕ್ಕೆ ಇನ್ನೊಂದು ತೊಡಕೂ ಇದೆ. ಹಿಂದೊಮ್ಮೆ ಹಳ್ಳಿಯೊಂದರಲ್ಲಿ ಆರೋಗ್ಯ ಸಮೀಕ್ಷೆಗೆ ಹೋದಾಗ ನಮ್ಮ ಜೊತೆಯ ಹುಡುಗಿ ಎಂಬತ್ತರ ಅಜ್ಜರೊಬ್ಬರನ್ನು ಪಟ್ಟಿ ನೋಡಿಕೊಂಡು ‘ಲಿಂಗ?’ ಎಂದು ಕೇಳಿದಳು. ಅಜ್ಜ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಶಿವದಾರ ಹಿಡಿದು, ಕರಡಿಗೆಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ‘ಐತವ್ವಾ, ಎಂಟು ವರ್ಷದಾಗ ಕಟ್ಯಾರ’ ಅಂದರು. ಕಾಗದದ ಕನ್ನಡಕ್ಕೂ ಬಾಯಿಯ ಕನ್ನಡಕ್ಕೂ ಇಷ್ಟು ದೂರ. ಅರ್ಜಿ ತುಂಬುವವರು ಹದಿನೆಂಟರ ಮಕ್ಕಳಿರಬಹುದು, ಅದನ್ನು ಓದಿ ಹೇಳುವವರು ಮನೆಯ ಹಿರಿಯರೂ ಆಗಿರುತ್ತಾರೆ. ಹಾಗಾಗಿ ಒಂಟಿ ಪದ ಬೇಡ, ವಾಕ್ಯವನ್ನೇ ಬರೆಯಿರಿ: ‘ನೀವು ನಿಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತೀರಿ?’

‘ಇತರೆ’ ಎಂಬ ಪದದ ಬಗ್ಗೆ ನನಗೆ ಸಿಟ್ಟೇ ಇದೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣಿನ ಪಕ್ಕ ‘ಇತರೆ’ ಎಂಬ ಖಾನೆ ಇತ್ತು. ಕರ್ನಾಟಕದಲ್ಲಿ 20,266 ಜನ ಅದರಡಿ ಲೆಕ್ಕಕ್ಕೆ ಬಂದರು. ಲೆಕ್ಕ ಸಿಕ್ಕಿತು ಎಂಬುದು ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಯೋಚಿಸಿ. ‘ಇತರೆ ಖರ್ಚು’, ‘ಇತರೆ ಸಾಮಾನು’ ಎಂದು ನಾವು ಬರೆಯುವುದು ಎಣಿಸುವ ವ್ಯವಧಾನ ಇಲ್ಲದ್ದಕ್ಕೆ. ಆ ಮಾತನ್ನು ಬೆಂಚಿನ ಮೇಲೆ ಕೂತಿರುವ ಒಬ್ಬ ವಿದ್ಯಾರ್ಥಿಗೆ ಹೇಗೆ ಹಚ್ಚುವುದು?

‘ತೃತೀಯ ಲಿಂಗಿ’ ಅದಕ್ಕಿಂತ ಮೇಲು, ಆದರೆ ಸಾಲದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಆ ಪದಕ್ಕೆ ಕಾನೂನಿನ ಮಾನ್ಯತೆ ಬಂತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು, ಅದನ್ನು ಬಹಳ ಜನ ಓದಿಯೇ ಇಲ್ಲ. ವ್ಯಕ್ತಿ ತನ್ನನ್ನು ಗಂಡು ಎಂದೋ, ಹೆಣ್ಣು ಎಂದೋ, ತೃತೀಯ ಲಿಂಗ ಎಂದೋ ತಾನೇ ಗುರುತಿಸಿಕೊಳ್ಳಬಹುದು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಎಂದು ಪಟ್ಟು ಹಿಡಿಯುವುದು ಕಾನೂನುಬಾಹಿರ ಎಂದಿತು. ಹುಡುಗ ಎಂದು ಬೆಳೆಸಿದ ಮಗು ತಾನು ಹೆಣ್ಣು ಎಂದು ತಿಳಿದುಕೊಂಡಿದ್ದರೆ, ಅವಳು ತನ್ನನ್ನು ‘ಮೂರನೆಯದು’ ಎನ್ನಬೇಕಾಗಿಲ್ಲ. ಹೆಣ್ಣು ಎಂದರೆ ಮುಗಿಯಿತು. ನನ್ನ ಹತ್ತಿರ ಬರುವ ಟ್ರಾನ್ಸ್ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ‘ತೃತೀಯ’ ಎಂಬುದು ಹೆಮ್ಮೆ, ಕೆಲವರಿಗೆ ಗಾಯ. ನೀವಾಗಿ ಆರಿಸಿ ಹಚ್ಚಲು ಹೋಗಬೇಡಿ.

ಆದ್ದರಿಂದ ನನ್ನ ಸಲಹೆ ಹೀಗಿದೆ. ‘ಹೆಣ್ಣು’, ‘ಗಂಡು’, ‘ಎರಡೂ ಅಲ್ಲ’, ಆಮೇಲೆ ‘ನನ್ನ ಮಾತಿನಲ್ಲಿ’ ಎಂದು ಒಂದು ಖಾಲಿ ಗೆರೆ, ಕೊನೆಗೆ ‘ಹೇಳಲು ಇಷ್ಟವಿಲ್ಲ’. ‘ಹೆಣ್ಣು’ ಪಕ್ಕದಲ್ಲಿ ‘ಟ್ರಾನ್ಸ್ ಹೆಣ್ಣು’ ಎಂದು ಬೇರೆ ಖಾನೆ ಹಾಕಬೇಡಿ. ಹಾಗೆ ಹಾಕಿದರೆ ಎರಡನೆಯವಳು ಮೊದಲನೆಯದಕ್ಕೆ ಸೇರಿದವಳಲ್ಲ ಎಂದು ನೀವೇ ಬರೆದುಕೊಟ್ಟ ಹಾಗೆ. ಸೌಲಭ್ಯಕ್ಕೆ ಮಾಹಿತಿ ಬೇಕಾಗುತ್ತದೆ, ನಿಜ. 2021ರಿಂದ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಸಮತಲ (ಎಂದರೆ ಪ್ರತಿ ವರ್ಗದೊಳಗೂ ಅನ್ವಯಿಸುವ) ಮೀಸಲಾತಿ ಇದೆ, ವಿದ್ಯಾರ್ಥಿವೇತನದಂಥದ್ದೂ ಇರಬಹುದು. ಅದನ್ನು ಕೆಳಗೆ ಬೇರೆ ಪ್ರಶ್ನೆಯಾಗಿ ಕೇಳಿ: ‘ಲಿಂಗತ್ವ ಅಲ್ಪಸಂಖ್ಯಾತರಿಗೆ ಇರುವ ಸೌಲಭ್ಯಗಳನ್ನು ಪಡೆಯಲು ಬಯಸುತ್ತೀರಾ?’ ಬೇಕಾದವರು ಹೌದು ಎನ್ನುತ್ತಾರೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಯೋಜನೆಗೆ, ಆದೇಶಕ್ಕೆ ಸರಿಯಾದ ಪದ. ಒಬ್ಬ ಮನುಷ್ಯರನ್ನು ಕರೆಯುವುದಕ್ಕೆ ಅಲ್ಲ. ಒಮ್ಮೆ ಅರ್ಜಿ ಹಿಡಿದು ಹೋದ ನನ್ನ ಪರಿಚಯದ ಒಬ್ಬರನ್ನು ಕಚೇರಿಯೊಂದರ ಗುಮಾಸ್ತರು ‘ಅಲ್ಪಸಂಖ್ಯಾತರಾ? ಅದು ಬೇರೆ ಆಫೀಸು’ ಎಂದು ಮಹಡಿಯಿಂದ ಮಹಡಿಗೆ ಓಡಾಡಿಸಿದ್ದರು.

ಇದಿಷ್ಟಕ್ಕಿಂತ ನಿಮ್ಮ ಕಾಲೇಜಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇನ್ನೊಂದು ಗೆರೆ: ‘ತರಗತಿಯಲ್ಲಿ ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು?’ ಅಂಕಪಟ್ಟಿಯ ಹೆಸರು ಬದಲಾಗಲು ವರ್ಷಗಳು ಬೇಕು. ಹಾಜರಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಒಂದು ಹೆಸರು ಬರೆಯಲು ಒಂದು ನಿಮಿಷ. ದಿನಕ್ಕೆ ಐದು ಪೀರಿಯಡ್ಡು, ಐದು ಸಲ ತನ್ನದಲ್ಲದ ಹೆಸರಿಗೆ ‘ಎಸ್ ಮೇಡಂ’ ಅನ್ನಬೇಕಾದ ಒಂದು ಹುಡುಗಿ ಮೂರನೆಯ ಸೆಮಿಸ್ಟರಿಗೇ ಕಾಲೇಜು ಬಿಟ್ಟದ್ದನ್ನು ನಾನು ಬಲ್ಲೆ.

ಸ್ಟಾಫ್ ರೂಮಿನಲ್ಲಿ ಒಂದು ಮಾತು ದಯವಿಟ್ಟು ಹೇಳಿ. ಆರನೇ ಕ್ಲಾಸಿನ ವ್ಯಾಕರಣದಲ್ಲಿ ನಾವೆಲ್ಲ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿದವರು. ಕಲ್ಲು, ಮರ, ದನ, ‘ಅದು’. ಆ ಪಾಠ ಮುಗಿದ ದಿನ ಆಟದ ಬಯಲಿನಲ್ಲಿ ಮೆತ್ತಗಿನ ಹುಡುಗನೊಬ್ಬನಿಗೆ ಆ ಪದವೇ ಅಡ್ಡಹೆಸರಾಗುತ್ತದೆ. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನ ಮೊದಲ ಬೈಗುಳವನ್ನು ಕೇಳಿದ್ದು ಕನ್ನಡ ಪಾಠದ ದಿನ. ಯಾರನ್ನೂ ‘ಅದು’ ಎನ್ನಬೇಡಿ, ಬೆನ್ನ ಹಿಂದೆಯೂ. ಗೊತ್ತಿಲ್ಲದಿದ್ದರೆ ‘ಅವರು’ ಇದ್ದೇ ಇದೆ. ‘ಅವರು ಬಂದರು, ಅವರು ಬರೆದರು’ ಎಂದರೆ ಗಂಡೋ ಹೆಣ್ಣೋ ಹೇಳಬೇಕಿಲ್ಲ, ಮೇಲಾಗಿ ಮರ್ಯಾದೆ. ಬೇರೆ ಭಾಷೆಯವರು ಇಂಥದ್ದೊಂದು ಸರ್ವನಾಮಕ್ಕೆ ಹೆಣಗುತ್ತಿದ್ದಾರೆ, ನಮ್ಮ ಅಜ್ಜಿಯರ ಬಾಯಲ್ಲಿ ಅದು ಮೊದಲಿನಿಂದ ಇದೆ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತೇನೆ. ‘ಮಂಗಳಮುಖಿ’ ಗೌರವದ ಪದ ಎಂದುಕೊಂಡಿದ್ದೆ. ಮೊನ್ನೆ ಒಬ್ಬರು ‘ಹಾಗೆ ಬರೆಯಬೇಡಿ’ ಎಂದು ಸಿಟ್ಟಾದರು. ಏನು ಬರೆಯಲಿ?

ಅವರನ್ನೇ ಕೇಳಿ ಬರೆಯಿರಿ. ಸುದ್ದಿಗೆ ಹೆಸರು, ವಯಸ್ಸು ಕೇಳುವಾಗ ಇದನ್ನೂ ಕೇಳಬಹುದು.

ಮಂಗಳಮುಖಿ ಎಂಬುದರಲ್ಲಿ ಬೈಗುಳವಿಲ್ಲ. ಆದರೆ ಆ ಪದ ಒಬ್ಬರನ್ನು ಹರಸುವ ಕೆಲಸಕ್ಕೆ ನಿಲ್ಲಿಸುತ್ತದೆ. ಅಂಗಡಿ ಪೂಜೆಗೆ, ಮಗುವಿನ ತೊಟ್ಟಿಲಿಗೆ ಕೈ ಚಾಚಿ ಹರಸುವವರು ಎಂಬ ಚಿತ್ರ ಅದರ ಜೊತೆ ಬರುತ್ತದೆ. ಬಿ.ಕಾಂ. ಓದಿ ಲೆಕ್ಕ ಬರೆಯುವ ಟ್ರಾನ್ಸ್ ಮಹಿಳೆಗೆ ಅದೇಕೆ? ಜೋಗಪ್ಪ, ಜೋಗತಿ ಎಂಬುವೂ ಹಾಗೆ, ಎಲ್ಲಮ್ಮ ದೇವಿಗೆ ತಮ್ಮನ್ನು ಒಪ್ಪಿಸಿಕೊಂಡು ಅವಳ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರ ಪದಗಳು. ಅವು ಅವರಿಗೆ ಹೆಮ್ಮೆ. ಜೋಗತಿ ನೃತ್ಯ ಕಲಾವಿದೆ ಮಂಜಮ್ಮನವರು ‘ಜೋಗತಿ’ಯನ್ನು ಹೆಸರಿನಲ್ಲೇ ಇಟ್ಟುಕೊಂಡು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಮುತ್ತು ಕಟ್ಟಿಸಿಕೊಳ್ಳದವರಿಗೆ ಆ ಪದ ಅಂಟಿಸಿದರೆ ತಪ್ಪು. ಹಿಜ್ರಾ ಎಂಬುದೂ ಗುರು, ಚೇಲಾ (ಶಿಷ್ಯೆ), ಜಮಾತು (ಹಿರಿಯರ ಕೂಟ) ಇರುವ ಒಂದು ಸಮುದಾಯದ ಹೆಸರು, ಎಲ್ಲರಿಗೂ ಅಲ್ಲ. ಕೇಳಲು ಆಗದಿದ್ದಾಗ ‘ಟ್ರಾನ್ಸ್ ಮಹಿಳೆ’, ‘ಟ್ರಾನ್ಸ್ ಪುರುಷ’ ಎಂದು ಬರೆಯಿರಿ. ಅಲ್ಲದೆ ಸುದ್ದಿಗೆ ಸಂಬಂಧವಿಲ್ಲದಿದ್ದರೆ ಅದನ್ನು ಬರೆಯುವ ಅಗತ್ಯವೇ ಇಲ್ಲ. ಬೈಕ್ ಅಪಘಾತದಲ್ಲಿ ಗಾಯಗೊಂಡವರು ಟ್ರಾನ್ಸ್ ಹೌದೋ ಅಲ್ಲವೋ ಎಂಬುದು ಅಪಘಾತದ ಸುದ್ದಿಯಲ್ಲ.

ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರಲ್ಲಿ ಸರ್ಕಾರ ಇಂಥ ಪದಗಳ ಪಟ್ಟಿಯನ್ನೇ ಹೊರಡಿಸಿತು. ತಿರುನಂಗೈ (ಟ್ರಾನ್ಸ್ ಮಹಿಳೆ), ತಿರುನಂಬಿ (ಟ್ರಾನ್ಸ್ ಪುರುಷ) ಎಂಬವು ಅಲ್ಲಿ ಪತ್ರಿಕೆಯ ಮಾತಾಗಿವೆ. ಕನ್ನಡಕ್ಕೂ ಅಂಥದ್ದು ಬೇಕು, ಸಮುದಾಯದವರನ್ನು ಕೂರಿಸಿಕೊಂಡು ಮಾಡಿದ್ದು.

‘ಸಲಿಂಗಕಾಮಿ’ಯನ್ನು ಬಿಟ್ಟುಬಿಡಿ. ಹೆಂಡತಿಯನ್ನು ಪ್ರೀತಿಸುವ ಗಂಡನನ್ನು ನಾವು ಕಾಮಿ ಎನ್ನುತ್ತೇವೆಯೇ? ಸಲಿಂಗ ಪ್ರೇಮಿ ಎನ್ನಿ, ಗೇ, ಲೆಸ್ಬಿಯನ್ ಎಂದು ಅವರೇ ಹೇಳಿಕೊಂಡಿದ್ದರೆ ಹಾಗೇ ಬರೆಯಿರಿ. ‘ದ್ವಿಲಿಂಗಿ’ ಇನ್ನೂ ಗೊಂದಲದ್ದು. ನಮ್ಮ ಮಕ್ಕಳು ವಿಜ್ಞಾನದಲ್ಲಿ ದಾಸವಾಳ ದ್ವಿಲಿಂಗಿ ಹೂವು ಎಂದು ಓದುತ್ತಾರೆ, ಎರಡೂ ಅಂಗಗಳಿರುವುದು ಎಂಬರ್ಥದಲ್ಲಿ. ಗಂಡು, ಹೆಣ್ಣು ಇಬ್ಬರತ್ತಲೂ ಒಲವಿರುವ ಮನುಷ್ಯರ ಸಂಗತಿ ಬೇರೆ. ಬೈಸೆಕ್ಷುಯಲ್ ಎಂದು ಬರೆದು ಒಂದು ಸಲ ಬಿಡಿಸಿ ಹೇಳಿದರೆ ಸಾಕು.

ಪ್ರಶ್ನೆ: ಹರಿಹರದಿಂದ ಬರೆಯುತ್ತಿದ್ದೇನೆ. ಮಗಳಿಗೆ 26, ಬೆಂಗಳೂರಿನಲ್ಲಿ ಕೆಲಸ. ಯುಗಾದಿಗೆ ಬಂದವಳು ರಾತ್ರಿ ಅಡಿಗೆಮನೆಯಲ್ಲಿ ‘ಅಮ್ಮಾ, ನಾನು ಕ್ವೀರ್’ ಅಂದಳು. ನನಗೆ ‘ಕ್ಯೂರ್’ ಅಂತ ಕೇಳಿಸಿತು. ಏನೋ ಕಾಯಿಲೆ ಬಂದು, ನಮಗೆ ಹೇಳದೆ ವಾಸಿ ಮಾಡಿಕೊಂಡಳೇನೋ ಅಂತ ಕೈಕಾಲು ತಣ್ಣಗಾಯಿತು. ಆಮೇಲೆ ಬಿಡಿಸಿ ಹೇಳಿದಳು, ಅವಳಿಗೆ ಒಬ್ಬ ಹುಡುಗಿ ಇಷ್ಟ ಅಂತ. ಆ ಪದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಡಾಕ್ಟರಿಗೆ ತೋರಿಸಬೇಕಾ? ನಮ್ಮ ಯಜಮಾನರಿಗೆ ಏನಂತ ಹೇಳಲಿ?

ಅಕ್ಕಾ, ಮಗಳು ಅಡಿಗೆಮನೆಯಲ್ಲಿ ಹೇಳಿದಳು ಎಂದು ಓದಿ ನನಗೆ ಸಮಾಧಾನವಾಯಿತು. ಹೇಳಲಾಗದೆ ವರ್ಷಗಟ್ಟಲೆ ಊರಿಗೇ ಬಾರದ ಮಕ್ಕಳನ್ನು ನೋಡಿದ್ದೇನೆ.

ಡಾಕ್ಟರು ಬೇಡ. ವಾಸಿಯಾಗಲು ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ‘ಸರಿಮಾಡಿ ಕೊಡುತ್ತೇವೆ’ ಎಂದು ಮಾತ್ರೆ, ಕರೆಂಟು, ಉಪವಾಸ ಹಿಡಿಸುವವರು ಇದ್ದಾರೆ. ಅಂಥ ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಯಾರಾದರೂ ಹಾಗೆ ಮಾತು ಕೊಟ್ಟರೆ ಎದ್ದು ಬನ್ನಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಪ್ರಾಯಕ್ಕೆ ಬಂದ ಇಬ್ಬರ ಒಪ್ಪಿಗೆಯ ಪ್ರೀತಿ ಅಪರಾಧವೂ ಅಲ್ಲ. ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಸಿಕ್ಕಿಲ್ಲ, 2023ರ ಅಕ್ಟೋಬರ್‌ನಲ್ಲಿ ಕೋರ್ಟ್ ಅದನ್ನು ಶಾಸನ ಸಭೆಗೆ ಬಿಟ್ಟಿತು. ನಿಮ್ಮ ಮಗಳಿಗೆ ಇದು ಗೊತ್ತಿರುತ್ತದೆ. ನಿಮಗೂ ಗೊತ್ತಿದ್ದರೆ ಅವಳ ಜೊತೆ ಮಾತಿಗೆ ಅನುಕೂಲ.

ಕ್ವೀರ್ ಎಂಬುದು ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಬೈಗುಳ. ಬೈಸಿಕೊಂಡವರೇ ಅದನ್ನು ಎತ್ತಿ ಹಣೆಗೆ ಇಟ್ಟುಕೊಂಡರು. ಈಗ ಒಲವಿನಲ್ಲೋ ಲಿಂಗತ್ವದಲ್ಲೋ ರೂಢಿಗಿಂತ ಬೇರೆಯಾದವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಆ ಕಥೆ ನಮ್ಮ ಭಾಷೆಯಲ್ಲಿ ನಡೆದಿಲ್ಲವಾದ್ದರಿಂದ ಸಮನಾದ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ. ಹುಡುಕುವ ಅಗತ್ಯವೂ ಇಲ್ಲ. ನೀವು ನನಗೆ ಬರೆದ ಸಾಲೇ ಇದೆಯಲ್ಲ: ‘ಅವಳಿಗೆ ಒಬ್ಬ ಹುಡುಗಿ ಇಷ್ಟ’. ಅದಕ್ಕಿಂತ ಒಳ್ಳೆಯ ಕನ್ನಡ ನನಗೂ ಬರುವುದಿಲ್ಲ. ಯಜಮಾನರಿಗೆ ಹೇಳುವುದಾದರೂ ಅದನ್ನೇ ಹೇಳಿ.

ಆದರೆ ಹೇಳುವ ಮೊದಲು ಮಗಳಿಗೆ ಫೋನ್ ಮಾಡಿ ಕೇಳಿ. ಅವಳು ಹೇಳಿದ್ದು ನಿಮಗೆ. ಅಪ್ಪನಿಗೆ ತಾನೇ ಹೇಳಬೇಕೆಂದಿರಬಹುದು, ಈಗ ಬೇಡ ಎಂದಿರಬಹುದು. ನಿಮ್ಮ ತಂಗಿಗೆ, ಪಕ್ಕದ ಮನೆಯವರಿಗೆ ಸದ್ಯಕ್ಕೆ ಒಂದಕ್ಷರವೂ ಬೇಡ. ‘ಮಗಳಿಗೆ ಗಂಡು ನೋಡ್ತಿದೀರೇನ್ರಿ’ ಎಂದು ಕೇಳುವವರಿಗೆ ‘ಅವಳು ಹೇಳಿದಾಗ ನೋಡೋಣ’ ಎಂದರೆ ಸುಳ್ಳೂ ಆಗುವುದಿಲ್ಲ.

ಮುಂದಿನ ಸಲ ಅವಳು ಬಂದಾಗ ಆ ಹುಡುಗಿಯ ಹೆಸರು ಕೇಳಿ. ಊಟಕ್ಕೆ ಏನಿಷ್ಟ ಎಂದು ಕೇಳಿ. ಕ್ವೀರ್ ಎಂಬ ಪದದ ಅರ್ಥ ತಿಳಿಯದಿದ್ದರೂ ಆ ಪ್ರಶ್ನೆ ಅವಳಿಗೆ ಸಾಕಾಗಬಹುದು.

ಪ್ರಶ್ನೆ: ಹೊಳಲ್ಕೆರೆ ಹತ್ತಿರದ ಹಳ್ಳಿ. ವಯಸ್ಸು 20. ಹುಡುಗ ಅಂತ ಬೆಳೆಸಿದ್ದಾರೆ. ಹುಡುಗ ಅಲ್ಲ ಅನ್ನಿಸುತ್ತೆ, ಹುಡುಗಿ ಅಂತಲೂ ಪೂರ್ತಿ ಅನ್ನಿಸೋದಿಲ್ಲ. ಮೊಬೈಲ್‌ನಲ್ಲಿ ನಾನ್‌ಬೈನರಿ, ಜೆಂಡರ್‌ಫ್ಲೂಯಿಡ್ ಅಂತ ಓದಿ ಓದಿ ತಲೆ ಕೆಟ್ಟಿದೆ. ಮನೆಯಲ್ಲಿ ‘ಎಲ್ಲಮ್ಮನ ಕಾಟ, ಮುತ್ತು ಕಟ್ಟಿಸಿಬಿಡೋಣ’ ಅಂತಾರೆ. ಒಂದು ಹೆಸರು ಆರಿಸಿಕೊಳ್ಳಲೇಬೇಕಾ?

ನಿಮ್ಮನ್ನು ತಮ್ಮಾ ಎನ್ನಲೋ ತಂಗೀ ಎನ್ನಲೋ ಎಂದು ಪೆನ್ನು ನಿಂತಿತು. ನಮ್ಮ ಸಂಬಂಧಸೂಚಕಗಳೆಲ್ಲ ಗಂಡು, ಹೆಣ್ಣು ಎಂದು ಮೊದಲೇ ಹಂಚಿಕೊಂಡು ಕೂತಿವೆ. ಹಾಗಾಗಿ ‘ಮಗು’ ಎನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರಿಸಿಕೊಳ್ಳಲೇಬೇಕಾಗಿಲ್ಲ, ಮಗು. ಇವತ್ತೂ ಬೇಡ, ಈ ವರ್ಷವೂ ಬೇಡ. ಹೆಸರು ಇರುವುದು ನಿಮಗೆ ನೆರಳಾಗಲಿಕ್ಕೆ. ನಾನ್‌ಬೈನರಿ ಎಂದರೆ ಗಂಡು, ಹೆಣ್ಣು ಎಂಬ ಎರಡು ಖಾನೆಯಲ್ಲಿ ಪೂರ್ತಿ ಕೂರದವರು, ಜೆಂಡರ್‌ಫ್ಲೂಯಿಡ್ ಎಂದರೆ ತಾನು ಯಾರು ಎಂಬ ಅನಿಸಿಕೆ ಆಗಾಗ ಬದಲಾಗುವವರು. ‘ನಾನ್‌ಬೈನರಿ’ ಎಂದು ಓದಿದಾಗ ‘ಓ, ನನ್ನ ಹಾಗೆ ಇನ್ನೂ ಯಾರೋ ಇದ್ದಾರೆ’ ಎಂದು ಉಸಿರು ಹಗುರಾದರೆ ಆ ಪದವನ್ನು ಇಟ್ಟುಕೊಳ್ಳಿ. ಓದಿದಷ್ಟೂ ಪರೀಕ್ಷೆಯ ಹಾಗೆ ಎದೆ ಬಡಿದುಕೊಂಡರೆ ಮೊಬೈಲ್ ಬದಿಗಿಡಿ. ಒಂದು ಪದ ಇಟ್ಟುಕೊಂಡು ಎರಡು ವರ್ಷದ ಮೇಲೆ ಬಿಟ್ಟರೆ ಮೊದಲಿನದು ಸುಳ್ಳಾಗಿತ್ತು ಎಂದೂ ಅಲ್ಲ.

ಮುತ್ತಿನ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ತಮ್ಮ ಮನಸ್ಸಿನಿಂದ ಎಲ್ಲಮ್ಮನಿಗೆ ಒಪ್ಪಿಸಿಕೊಂಡ ಜೋಗಪ್ಪಗಳ ಮೇಲೆ ನನಗೆ ತುಂಬು ಗೌರವವಿದೆ. ಉಚ್ಚಂಗಿದುರ್ಗದ ಹುಣ್ಣಿಮೆಯಲ್ಲಿ ಕೊಡ ಹೊತ್ತು ಕುಣಿಯುವವರ ಮುಖದ ಬೆಳಕು ನೋಡಿದ್ದೇನೆ. ನಿಮ್ಮ ಮನೆಯವರು ಹೇಳುತ್ತಿರುವುದು ಬೇರೆ. ಅವರಿಗೆ ನಿಮ್ಮನ್ನು ಏನೆಂದು ಕರೆಯಬೇಕು ಗೊತ್ತಾಗುತ್ತಿಲ್ಲ, ಗೊತ್ತಿರುವ ಒಂದೇ ಹೆಸರಿನೊಳಗೆ ನಿಮ್ಮನ್ನು ಇಡಲು ಅವಸರ ಮಾಡುತ್ತಿದ್ದಾರೆ. ಮುತ್ತು ಕಟ್ಟಿಸಿಕೊಂಡರೆ ಅದು ಬದುಕಿಡೀ ಇರುವ ಕಟ್ಟು. ‘ನಾನು ಇನ್ನೂ ಯೋಚಿಸುತ್ತಿದ್ದೇನೆ, ದೇವಿಗೆ ಅವಸರವಿಲ್ಲ’ ಎಂದು ಅವ್ವನಿಗೆ ಹೇಳಿ ನೋಡಿ. ದೇವರ ಮಾತಿನಲ್ಲೇ ಹೇಳಿದರೆ ಹಳ್ಳಿಯ ಮನೆಗಳಲ್ಲಿ ಎಷ್ಟೋ ಸಲ ಕಾಲಾವಕಾಶ ಸಿಗುತ್ತದೆ.

ಇಲ್ಲಿಗೆ ಬರುವ ಒಬ್ಬರ ವಿಷಯ ಹೇಳುತ್ತೇನೆ, ಅವರ ಒಪ್ಪಿಗೆ ಪಡೆದೇ. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ 2023ರ ಜೂನ್‌ನಲ್ಲಿ ಶುರುವಾದಾಗ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಿಕ್ಕಿತು. ಇವರು ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದರು. ಗುರುತಿನ ಚೀಟಿಯಲ್ಲಿದ್ದ ಹೆಸರು, ಫೋಟೊ ಒಂದು ಥರ, ಉಟ್ಟ ಸೀರೆ ಒಂದು ಥರ. ಏನೆನ್ನುತ್ತಾರೋ ಎಂದು ಚೀಟಿಯನ್ನು ಮುಷ್ಟಿಯಲ್ಲಿ ಒದ್ದೆಯಾಗುವಷ್ಟು ಬಿಗಿಹಿಡಿದಿದ್ದರಂತೆ. ಕಂಡಕ್ಟರ್ ಚೀಟಿ ನೋಡಿದರು, ಮುಖ ನೋಡಿದರು, ‘ಎಲ್ಲಿಗವ್ವಾ?’ ಎಂದು ಕೇಳಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಆ ಟಿಕೆಟ್ ಇವತ್ತಿಗೂ ಅವರ ಪರ್ಸಿನಲ್ಲಿದೆ, ಅಕ್ಷರವೆಲ್ಲ ಅಳಿಸಿಹೋಗಿದೆ. ಅವರು ಅದನ್ನು ಇಟ್ಟುಕೊಂಡಿರುವುದು ಆ ‘ಅವ್ವಾ’ ಎಂಬ ಕರೆಗೆ. ಅವರಿಗೆ ತಮ್ಮ ಪದ ಪಟ್ಟಿಯಲ್ಲಿ ಸಿಕ್ಕಿದ್ದಲ್ಲ, ಬಸ್ಸಿನಲ್ಲಿ ಕಿವಿಗೆ ಬಿದ್ದು ಗೊತ್ತಾಯಿತು.

ನಿಮಗೂ ಯಾವುದಾದರೂ ಕರೆಗೆ ಮನಸ್ಸು ತಿರುಗಿ ನೋಡುತ್ತದೆಯೇ, ಗಮನಿಸುತ್ತಿರಿ. ನಂಬಿಕೆಯ ಒಬ್ಬ ಗೆಳೆಯರಿಗೆ ‘ನನ್ನನ್ನು ಒಂದು ವಾರ ಹೀಗೆ ಕರೆದು ನೋಡು’ ಎನ್ನಬಹುದು. ಹೊಂದದಿದ್ದರೆ ಬಿಟ್ಟರಾಯಿತು.

ಮನೆಯಲ್ಲಿ ಒತ್ತಾಯ ಹೆಚ್ಚಾಗಿ ನಿದ್ದೆ ಕೆಟ್ಟರೆ, ಬದುಕೇ ಬೇಡ ಎನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೆ ಮತ್ತೆ ಬರೆಯುವಾಗ ಏನೆಂದು ಕರೆಯಬೇಕು ಎಂದು ಮೇಲೆ ಒಂದು ಸಾಲು ಬರೆಯಿರಿ. ಖಾಲಿ ಬಿಟ್ಟರೂ ಉತ್ತರ ಬರುತ್ತದೆ.